ದಿನಕ್ಕ ದೀಡ ರೂಪಾಯಿ

ನನ್ನ ಷಡ್ಡಕ ಸಾಲ ತೀರಿಸಿದ ದಿವಸ ನನಗ ಊಟಾ ಸೇರಲಿಲ್ಲ. ಅಂವಗ ಸಾಲ ಕೊಟ್ಟಂವಾ ನಾನಲ್ಲ, ಅಂವಾ ತೀರಿಸಿದ್ರ ನನಗ ನುಕಸಾನ ಏನೂ ಇರಲಿಲ್ಲ. ಆದ್ರೂ ಸೇರಲಿಲ್ಲ. ಹೆಂಡತಿ ತಾಟಿನಾಗ ಬದನಿಕಾಯಿ ಪಲ್ಯ ಹಾಕಿ, "ತಂಗಿ ಮನಿಯಾಗ ಇವತ್ತ ಹೋಳಗಿ ಮಾಡ್ಯಾರಂತ್ರಿ" ಅಂದ್ಲು. ನಾ ರೊಟ್ಟಿ ಮುರದು ಹಂಗ ಇಟ್ಟೆ. "ಹೊಟ್ಟಿ ತುಂಬೇದ" ಅಂದೆ. ಅಕಿ ನನ್ನ ಮಾರಿ ನೋಡಿ, "ಏನರೆ ತುಂಬಿರಬೇಕು ಬಿಡ್ರಿ" ಅಂತ ತಾಟು ತಗೊಂಡು ಹೋದ್ಲು.

ಇದು ನಾ ಪುಣೇದಾಗ ಖಣಾ ಮಾರತಿದ್ದ ಕಾಲದ ಮಾತು. ಇಂಗ್ರೇಜರ ರಾಜ್ಯ ಇತ್ತು, ಎರಡನೇ ಲಢಾಯಿ ಇನ್ನೂ ಶುರು ಆಗಿರಲಿಲ್ಲ. ಖಣಾ ಅಂದ್ರ ನಮ್ಮ ಗುಳೇದಗುಡ್ಡದ ಮಗ್ಗದಾಗ ನೇಯೂ ಕುಬಸದ ಅರಿವಿ. ಪುಣೇದ ಹೆಣ್ಣಮಕ್ಕಳಿಗೆ ಅದರ ಮ್ಯಾಲ ಜೀವ. ಕುಬಸಾ ಹೊಲಿಸಾಕ ಬೇಕು, ದೇವಿಗೆ ಉಡಿ ತುಂಬಾಕ ಬೇಕು, ಮನಿಗೆ ಬಂದ ಮುತ್ತೈದಿಗೆ ತೆಂಗಿನಕಾಯಿ ಜೋಡಿ ಕೊಡಾಕ ಬೇಕು. ನಾ ಇಪ್ಪತ್ತು ವರ್ಷದಂವಾ ಇದ್ದಾಗ ಒಂದು ಗಂಟು ಹೊತಗೊಂಡು ರೈಲು ಇಳಿದೆ. ಐದಾರು ವರ್ಷ ವಾಡೆ ವಾಡೆ ತಿರಗಿ ಮಾರಿದೆ. ಆಮ್ಯಾಲ ಒಂದು ಕಟ್ಟಿ ಸಿಕ್ತು.

ಆ ಕಟ್ಟಿ ಬಗ್ಗೆ ಹೇಳಲೇಬೇಕು. ಒಂದು ದೊಡ್ಡ ವಾಡೇದ ಬಾಗಲಾ ಹಂತ್ಯಾಕ ಇದ್ದ ಕಲ್ಲಿನ ಕಟ್ಟಿ ಅದು. ಅಲ್ಲಿಯವರು ಓಟಾ ಅಂತಾರ. ಎರಡು ಗಾದಿ ಹಾಸೂವಷ್ಟು ಜಾಗಾ, ಮ್ಯಾಲ ತಗಡು. ಆದ್ರ ದೇವಿ ಗುಡಿಗೆ ಹೋಗೂ ಓಣಿಯ ಮೂಲಿ ಮ್ಯಾಲ ಇತ್ತು. ಗುಡಿಗೆ ಹೋಗೂ ಹೆಂಗಸರು ನನ್ನ ಮುಂದ ಹಾಯ್ದೇ ಹೋಗಬೇಕು. ವಾಡೆ ಒಬ್ಬ ಸಾವಕಾರಂದು. ಮಾರವಾಡದ ಕಡಿಯಂವಾ, ಎಲ್ಲಾರೂ ಸೇಠಜಿ ಅಂತಿದ್ರು. ಬಾಡಿಗಿನೂ ಅಂವಗ ಕೊಡೂದು, ರೊಕ್ಕ ಬೇಕಾದ್ರ ಸಾಲಾನೂ ಅಂವನ ಕಡೆ ತಗೊಳೂದು.

ನನ್ನ ಷಡ್ಡಕ ನನ್ನ ಹೆಂಡತಿ ತಂಗಿಯ ಗಂಡ. ನನಗಿಂತ ಆರು ವರ್ಷ ಸಣ್ಣಂವಾ. ಪುಣೇಕ್ಕ ಬಂದಾಗ ಆರು ತಿಂಗಳಾ ನಮ್ಮ ಮನಿಯಾಗ ಉಂಡಾನ. ಖಣಾ ಹೆಂಗ ಮಡಚಬೇಕು, ಗಿರಾಕಿ ಮುಂದ ಯಾವ ಬಣ್ಣಾ ಮೊದಲ ಬಿಚ್ಚಬೇಕು, ಎಲ್ಲಾ ನಾ ಕಲಿಸಿದ್ದು. ಆಮ್ಯಾಲ ಅಂವಾ ನಾಕು ಮನಿ ಆಚೆ ಓಣಿ ಒಳಗ ಒಂದು ಕತ್ತಲ ಖೋಲಿ ಹಿಡಿದು ಅಂಗಡಿ ಹಾಕಿದ. ಅಲ್ಲಿಗೆ ಯಾರು ಹೋಗ್ತಾರ ಅಂತ ನಾ ಮನಸಿನಾಗ ನಕ್ಕಿದ್ದೆ. ಎರಡು ವರ್ಷದಾಗ ನನ್ನ ಕಟ್ಟಿ ದಾಟಿ ಹೆಂಗಸರು ಅಂವನ ಖೋಲಿಗೆ ಹೋಗಾಕ ಶುರು ಮಾಡಿದ್ರು. ಅಂವಾ ಶಾಲಿ ಕಲಿತಂವಾ. ಮರಾಠಿ ಅವರಂಗೇ ಮಾತಾಡತಿದ್ದ, ಅಲ್ಲಿಯ ಮೋಡಿ ಅಕ್ಷರದಾಗ ಸಹಿ ಮಾಡತಿದ್ದ. ನಾ ಆಗ ಹೆಬ್ಬಟ್ಟು. ನಾನು ಅಕ್ಷರ ಕಲಿತದ್ದು ಮುಂದ ಮೂವತ್ತು ದಾಟಿದ ಮ್ಯಾಲ. ಅಂವಾ ಸಹಿ ಮಾಡೂ ಮುಂದ ಕೊನಿಗೆ ಒಂದು ಗೆರಿ ಎಳಿತಿದ್ದ, ಆ ಗೆರಿ ನೋಡಿದ್ರ ನನ್ನ ಎದಿಯಾಗ ಯಾರೋ ಚಿವುಟಿದಂಗ ಆಗೂದು.

ಸಾಲ ಆದದ್ದೂ ಇದರಿಂದನ. ಒಂದು ವರ್ಷ ಗೌರಿ ಹಬ್ಬಕ್ಕ ಅಂವಾ ಊರಿಂದ ಎರಡು ಗಂಟು ಖಣಾ ತರಿಸ್ಯಾನ ಅಂತ ಗೊತ್ತಾತು. ನಾ ನಾಕು ತರಿಸಿದೆ. ಸೇಠಜಿ ಕಡೆ ಮುನ್ನೂರು ರೂಪಾಯಿ ಎತ್ತಿ ತರಿಸಿದೆ. ಆ ವರ್ಷನ ಮುಂಬಯಿ ಗಿರಣಿಯವರು ನಮ್ಮ ನಮೂನಿ ಕದ್ದು ನೇಯ್ದು ಅರ್ಧಾ ಕಿಮ್ಮತ್ತಿಗೆ ಪ್ಯಾಟಿಗೆ ಬಿಟ್ರು. ನನ್ನ ಮೂರು ಗಂಟು ಹಂಗೇ ಉಳದ್ವು. ಪುಣೇ ಬಾಜೂಕಿನ ಶಿರೂರ ಸಂತಿಗೆ ಒಂದು ಗಂಟು ಒಯ್ದೆ, ದಿನಾ ಪೂರ್ತಿ ಬಿಸಲಾಗ ಕುಂತು ಆರು ಖಣಾ ಮಾರಿ ಬಂದೆ. ಷಡ್ಡಕನೂ ಹೊಡತಾ ತಿಂದ. ಅಂವಂದೂ ಹೆಂಡತಿ ಬಾಣಂತನ, ಖೋಲಿ ರಿಪೇರಿ ಎಲ್ಲಾ ಕೂಡಿ ಸೇಠಜಿ ಕಡೆ ಮುನ್ನೂರೇ ಆಗಿತ್ತು. ನಿಜ ಹೇಳಬೇಕಂದ್ರ, ಅದು ಕೇಳಿ ನನಗ ಛೊಲೋ ಅನಿಸಿತು.

ಯುಗಾದಿ ಆದ ಮ್ಯಾಲ ಸೇಠಜಿ ಇಬ್ಬರನ್ನೂ ಒಂದ ದಿವಸ ಕರಿಸಿದ. ಗಾದಿ ಮ್ಯಾಲ ಲೋಡಿಗೆ ಒರಗಿ ಕುಂತು ಸಮಾಧಾನದಿಂದ ಹೇಳಿದ. ಅಂವಾ ಬೈಯೂ ಪೈಕಿ ಅಲ್ಲ.

"ಎರಡು ದಾರಿ ಅದಾವ. ಒಂದು, ತಿಂಗಳಾ ನೂರಕ್ಕ ಎರಡು ರೂಪಾಯಿ ಬಡ್ಡಿ ಕೊಡ್ರಿ, ಅಸಲು ಆದಾಗ ಕೊಡ್ರಿ. ನಾ ಕೇಳೂದಿಲ್ಲ. ಇನ್ನೊಂದು, ದಿನಾ ಒಂದು ರೂಪಾಯಿ. ನಮ್ಮ ಮನಷ್ಯಾ ಸಂಜಿಮುಂದ ಬಂದು ಒಯ್ತಾನ. ಮುನ್ನೂರಾ ಅರವತ್ತು ದಿವಸ ಕೊಟ್ರ ಅಸಲು ಬಡ್ಡಿ ಎಲ್ಲಾ ಮುಗೀತು. ಆದ್ರ ಒಂದರ ಹಿಂದ ಒಂದು ಮೂರು ದಿವಸ ತಪ್ಪಿದ್ರ ಕರಾರು ಮುರೀತದ."

ಮೂರನೇ ದಾರಿನೂ ಒಂದಿತ್ತು, ಸೇಠಜಿ ಹೇಳಲಿಲ್ಲ. ನಮ್ಮ ಕಡಿ ವ್ಯಾಪಾರಸ್ಥರು ಕೂಡಿ ನಡಸೂ ಒಂದು ಸಣ್ಣ ಪತಪೆಢಿ ಇತ್ತು, ಮಂದಿ ರೊಕ್ಕ ಕೂಡಿಸಿ ಸಾಲಾ ಕೊಡೂ ಸಂಘ. ಸಾಲಾ ಅಲ್ಲಿಗೆ ತಿರಗಿಸಿದ್ರ ತಿಂಗಳಾ ಹತ್ತು ರೂಪಾಯಿ, ಮೂರು ವರ್ಷ. ಆದ್ರ ಅಂಗಡಿ ಇದ್ದ ಒಬ್ಬ ಸಹಿ ಬಲ್ಲಂವಾ ಜಾಮೀನ ನಿಲ್ಲಬೇಕು. ನನಗ ಅಂಥಾವ ಇದ್ದಂವಾ ಒಬ್ಬನ, ನನ್ನ ಷಡ್ಡಕ. ಅಂವನ ಮುಂದ ಕೈ ಚಾಚೂದಕ್ಕಿಂತ ಮುಳಾ-ಮುಠಾ ನದಿಯಾಗ ಬೀಳೂದು ಛೊಲೋ ಅಂತ ಆಗ ನಂಬಿದ್ದೆ.

ಷಡ್ಡಕ ಸೇಠಜಿಗೆ, "ನಂದು ದಿನದ್ದು ಬರೀರಿ" ಅಂದ. ಹಗಲೆಲ್ಲಾ ವಿಚಾರ ಮಾಡಿ ಬಂದಂಗ ಅಂದ. ಮುಂದ ವಸೂಲಿಯಂವನ ಜೋಡಿ ಬಾಜೂಕ್ಕ ಕುಂತು ಅದೇನೋ ಮಾತಾಡಿ ದಿನದ ವಸೂಲಿ ಬರಕೊಳ್ಳೂ ಕಾರ್ಡ ಬರಸಿದ.

ನನಗ ನಗಿ ಬಂತು. ದಿನಾ ಸಂಜಿಗೆ ಬಾಗಲಿಗೆ ವಸೂಲಿಯಂವಾ ಬಂದು ನಿಲ್ಲೂದಂದ್ರ ಮಂದಿ ಏನಂತಾರ? "ನಂದು ತಿಂಗಳದ್ದು ಇರಲಿ" ಅಂದೆ. ಸೇಠಜಿ ಗಾದಿ ಮ್ಯಾಲ ಜರುಗಿ ಜಾಗಾ ಮಾಡಿ, "ಬರ್ರಿ, ಇಲ್ಲಿ ಕುಂಡ್ರಿ, ನೀವು ದೊಡ್ಡ ಮನಷ್ಯಾರು" ಅಂತ ಹಿಂದಿಯೊಳಗ ಅಂದು ಚಹಾ ತರಿಸಿದ. ಷಡ್ಡಕಗ ತರಿಸಲಿಲ್ಲ. ಆ ಚಹಾ ನಾ ಭಾಳ ಸಾವಕಾಶ ಕುಡದೆ.

ಮನಿಗೆ ಬಂದು ಹೆಂಡತಿಗೆ ಹೇಳಿದೆ. ಅಕಿ ಬಳ್ಳೊಳ್ಳಿ ಸುಲೀತ ಕೇಳಿದ್ಲು.

"ತಿಂಗಳಾ ಆರು ರೂಪಾಯಿ ಕೊಟ್ರ ಸಾಲ ಯಾವಾಗ ತೀರ್ತದ್ರಿ?"

"ಅದು ಬಡ್ಡಿ."

"ಬಡ್ಡಿ ಅಂತ ಗೊತ್ತದ. ಸಾಲ ಯಾವಾಗ ತೀರ್ತದ ಅಂತ ಕೇಳಿದೆ."

ನಾ ಟೊಪಗಿ ತಗದು ಗೂಟಕ್ಕ ಹಾಕಿದೆ. ಅಕಿ ಮತ್ತ ಅಂದ್ಲು, "ನಮ್ಮ ಕಡಿ ಹುಡುಗೂರು ಕಾಲೇಜ ಕಲಿಯಾಕ ಬಂದು ಜ್ವಾಳದ ರೊಟ್ಟಿ ಇಲ್ಲದ ಒಣಗ್ಯಾರ. ದಿನಾ ಒಂದು ನಾಕು ಡಬ್ಬಿ ರೊಟ್ಟಿ ಬಡದು ಕೊಡ್ಲೇನ್ರಿ? ದಿನದ ರೂಪಾಯಿ ಹೆಂಗರೆ ಆಗ್ತದ."

"ನನ್ನ ಹೆಂಡತಿ ಮಂದಿಗೆ ರೊಟ್ಟಿ ಬಡದು ನಾ ಸಾಲಾ ತೀರಸೂದು ಬ್ಯಾಡ" ಅಂದೆ. ಇದನ್ನ ಜೋರಿಲೆ ಅಂದೆ, ಬಾಜೂ ಖೋಲಿಗೆ ಕೇಳೂವಂಗ.

ಆ ವರ್ಷ ನಾ ದಿನಾ ಸಂಜಿ ಐದಕ್ಕ ಷಡ್ಡಕನ ಅಂಗಡಿ ಕಡೆ ನೋಡೂದ ಒಂದು ಕೆಲಸಾ ಆತು. ವಸೂಲಿಯಂವಾ ವಯಸ್ಸಾದ ಮರಾಠಾ, ಖಾಕಿ ಕೋಟಿಗೆ ಹಿತ್ತಾಳಿ ಗುಂಡಿ, ಹೆಗಲಿಗೆ ಚೀಲ. ನಾ ತಿಳಕೊಂಡಿದ್ದೆ, ಅಂವಾ ಬಂದ್ರ ಷಡ್ಡಕನ ಮಾರಿ ಇಳಿತದ ಅಂತ. ಏನ್ ಹೇಳೂದು. ಅಂವಾ ವಸೂಲಿಯಂವನ್ನ ಬೀಗರಂಗ ಕರದು ಕುಂಡ್ರಸತಿದ್ದ. ಸುಣ್ಣಾ ತಂಬಾಕ ಕೊಡತಿದ್ದ. ಆ ಮುದುಕ ಏನೋ ಅಂತಿದ್ದ, ಇಂವಾ ತೊಡಿ ಬಡದು ನಗತಿದ್ದ. ರೂಪಾಯಿ ಬೆಳ್ಳಿದು ಚೀಲದಾಗ ಬೀಳೂ ಸಪ್ಪಳ ನಾಕು ಮನಿ ಆಚೆ ನನಗ ಕೇಳತಿತ್ತು ಅಂದ್ರ ನೀವು ನಂಬೂದಿಲ್ಲ. ನನಗಂತೂ ಕೇಳತಿತ್ತು.

ಓಣಿಯ ಹೆಂಗಸರಿಗೂ ಅದು ಕಣ್ಣಿಗೆ ಬಿತ್ತು. ಒಬ್ಬ ಅಜ್ಜಿ ನನ್ನ ಮುಂದ ಖಣಾ ತಿರುವಿ ಹಾಕ್ತ, "ತುಮಚಾ ಸಾಡೂ ಫಾರ ಸಚ್ಚಾ ಮಾಣೂಸ" ಅಂದ್ಲು. ನಿಮ್ಮ ಷಡ್ಡಕ ಭಾಳ ಖರೇ ಮನಷ್ಯಾ ಅಂತ. ನಾ ಸೇಠಜಿ ಗಾದಿ ಮ್ಯಾಲ ಚಹಾ ಕುಡದದ್ದು ಯಾರೂ ನೋಡಿರಲಿಲ್ಲ. ಅಂವಾ ಸಾಲಾ ತೀರಸೂದು ಓಣಿ ಮಂದೆಲ್ಲಾ ನೋಡಿದ್ರು. ಸಾಲ ಮಾಡಿದ್ರಾಗೂ ಅಂವಗ ಮರ್ಯಾದಿ, ನನಗಿಲ್ಲ. ಇದಕ್ಕ ಏನಂತೀರಿ?

ನಡಕ ಪಿತೃಪಕ್ಷದಾಗ ಹದಿನೈದು ದಿವಸ ನಾ ಎಂದಿನಂಗ ಊರಿಗೆ ಹೋಗಿ ನವರಾತ್ರಿ ಮಾಲು ತಂದೆ. ಆ ಹದಿನೈದು ದಿವಸ ಅಂವಾ ರೂಪಾಯಿ ಹೆಂಗ ಕೊಟ್ಟ, ಏನು ಮಾಡಿದ, ನಾ ನೋಡಲಿಲ್ಲ. ಕೇಳಲೂ ಇಲ್ಲ. ಅಂವನ ಅಂಗಡಿ ವಿಷಯ ಕೇಳೂದಂದ್ರ ನನ್ನ ನಾಲಿಗಿ ಹೊರಳತಿರಲಿಲ್ಲ.

ವರ್ಷ ಮುಗೀತು, ಅಂವನ ಮನಿಯಾಗ ಹೋಳಗಿ ಆತು. ನಾ ಎಪ್ಪತ್ತೆರಡು ರೂಪಾಯಿ ಬಡ್ಡಿ ಕೊಟ್ಟಿದ್ದೆ. ನನ್ನ ಮುನ್ನೂರು ಮುನ್ನೂರೇ ಇತ್ತು.

ಮರುದಿವಸ ಮುಂಜಾನೆ ಜಳಕಾ ಸುದ್ದಾ ಮಾಡದ ಸೇಠಜಿ ಕಡೆ ಹೋದೆ. "ನನಗೂ ದಿನದ್ದು ಮಾಡ್ರಿ" ಅಂದೆ. ಸೇಠಜಿ ಹೂಂ ಅಂದ. ವಸೂಲಿಯಂವಾ ಅಲ್ಲೇ ಕುಂತಿದ್ದ, ಹೊಸಾ ಕಾರ್ಡ ತಗೊಂಡು ಟಾಕು ಅದ್ದಿದ. ಅಂವಾ ಕೇಳಿದ, "ನಿಮ್ಮ ಸಾಡೂ ಬರಸಿದಂಗ ಬರೀಲೇನ್ರಿ?"

ಆ ಮಾತಿಗೆ ಹೂಂ ಅಂದಿದ್ರ ಈ ಕಥಿನ ಇರತಿರಲಿಲ್ಲ.

"ಅಂವಂದಂಗ ಬ್ಯಾಡ" ಅಂದೆ. "ನಂದು ಬ್ಯಾರೆ. ದಿನಕ್ಕ ದೀಡ, ಒಂದೂವರಿ ರೂಪಾಯಿ ಬರಿ."

ಮುದುಕ ಟಾಕು ಎತ್ತಿ ಹಿಡದ. "ಒಂದು ಸಾಕು ನೋಡ್ರಿ. ದೀಡ ಭಾಳಾಗ್ತದ. ಖಣಾದ ವ್ಯಾಪಾರ ಒಂದ ನಮೂನಿ ಇರೂದಿಲ್ಲ."

"ನನ್ನ ವ್ಯಾಪಾರ ನನಗ ಗೊತ್ತದ."

ಎರಡನೂರಾ ನಲವತ್ತು ದಿವಸದಾಗ ಮುಗೀತದ. ಅಂವಗ ಒಂದು ವರ್ಷ ಹಿಡೀತು, ನಾ ಎಂಟು ತಿಂಗಳದಾಗ ಮುಗಸ್ತೀನಿ. ನನ್ನ ತಲಿಯಾಗ ಇದ್ದದ್ದು ಇಷ್ಟ. ನನ್ನ ಗಳಿಕಿ ಎಷ್ಟು, ಖರ್ಚು ಎಷ್ಟು ಅಂತ ಲೆಕ್ಕಾ ಹಾಕಲಿಲ್ಲ. ಅಂವನ ದಿವಸ ಎಷ್ಟು, ನನ್ನ ದಿವಸ ಎಷ್ಟು ಅಂತ ಹಾಕಿದೆ. ಸೇಠಜಿ ಒಂದು ಮಾತು ಕೂಡಿಸಿದ. ಮೂರು ದಿವಸ ಒಂದರ ಹಿಂದ ಒಂದು ತಪ್ಪಿದ್ರ ಕಟ್ಟಿ ಖಾಲಿ ಮಾಡಬೇಕು, ಉಳದ ಸಾಲಾ ಉಳದಂಗೇ. ಯಾಕಂದ್ರ ನನ್ನ ಕಡೆ ಜಪ್ತಿ ಮಾಡಾಕ ಬ್ಯಾರೆ ಏನೂ ಇರಲಿಲ್ಲ. ನಾ ಹೆಬ್ಬಟ್ಟು ಒತ್ತಿದೆ.

ವೈಶಾಖದಾಗ ಲಗ್ನಾ ಇದ್ವು, ನಡೀತು. ನಾನೂ ವಸೂಲಿಯಂವಗ ತಂಬಾಕ ಕೊಟ್ಟೆ, ನಾನೂ ನಗಸಾಕ ನೋಡಿದೆ. ಮುದುಕ ನಗಲಿಲ್ಲ, ಬರೇ ತಂಬಾಕ ತಿಂದ. ಆಷಾಢ ಬಂತು, ವ್ಯಾಪಾರ ಬಿತ್ತು. ಹೊತ್ತು ಇಳಿದಂಗ ನನ್ನ ಕಣ್ಣು ಓಣಿಯ ತುದಿಗೆ ಹೋಗತಿತ್ತು. ರೊಕ್ಕದ ಗಲ್ಲೇದಾಗ ಒಂದ ರೂಪಾಯಿ ಇದ್ರ ಇನ್ನೆಂಟಾಣೆ ಹೆಂಗ ಮಾಡೂದು? ಒಂದು ರೂಪಾಯಿ ಖಣಾ ಹನ್ನೆರಡಾಣೆಗೆ ಬಿಟ್ಟೆ. ಮರುದಿವಸನೂ ಹಂಗೇ ಮಾಡಿದೆ.

ಪುಣೇದ ಹೆಂಗಸರಿಗೆ ಇಂಥಾದ್ದು ತಿಳಿಯಾಕ ಎಷ್ಟು ಹೊತ್ತು ಬೇಕು? ಖಣವಾಲಾನ ಕಟ್ಟಿ ಮ್ಯಾಲ ನಾಕೂವರಿಗೆ ಮಾಲು ಸಸ್ತಾ ಆಗ್ತದ ಅಂತ ಗುಡಿ ತುಂಬ ಸುದ್ದಿ ಆತು. ಮುಂಜಾನೆ ಬಂದವರು ಬಣ್ಣಾ ನೋಡಿ, ಜರಿ ನೋಡಿ, ಬಾಜೂಕ್ಕ ತಗದ ಇಡಸಿ, "ಮಗ ಯೇತೇ" ಅಂತ ಹೋಗಾಕ ಶುರು ಮಾಡಿದ್ರು. ಆಮ್ಯಾಲ ಬರ್ತೀನಿ ಅಂತ. ನಾಕೂವರಿಗೆ ಪಾಳೆ ಹಚ್ಚಿ ಬರತಿದ್ರು. ಒಬ್ಬಾಕಿ ಆ ಕಡಿ ಈ ಕಡಿ ನೋಡಿ, "ಏನೋ ಖಣವಾಲೆ, ನಿನ್ನ ಯಮಾ ಇನ್ನೂ ಬರಲಿಲ್ಲೇನು?" ಅಂತ ಮರಾಠಿಯೊಳಗ ಅಂದ್ಲು. ಉಳದವರೆಲ್ಲಾ ಸೆರಗು ಬಾಯಿಗೆ ಹಿಡಕೊಂಡು ನಕ್ರು. ನಾನೂ ನಕ್ಕೆ, ಮತ್ತೇನು ಮಾಡೂದು.

ನನ್ನ ಹೊಟ್ಟಿ ಉರದದ್ದು ಅದಕ್ಕಲ್ಲ. ಅದೇ ಹೆಂಗಸರು ಮುಂಜಾನೆ ಷಡ್ಡಕನ ಕತ್ತಲ ಖೋಲಿಗೆ ಹೋಗಿ ಪೂರಾ ರೂಪಾಯಿ ಕೊಟ್ಟು ಖಣಾ ತರತಿದ್ರು. ಅಂವನ ಕಡೆ ಸಂಜಿ ಕಿಮ್ಮತ್ತು ಅಂತ ಇರಲಿಲ್ಲ. ಅಂವಾ ವರ್ಷ ಪೂರ್ತಿ ರೂಪಾಯಿ ಕೊಟ್ರೂ ಒಂದು ದಿವಸ ಸಸ್ತಾ ಮಾಡಿರಲಿಲ್ಲ. ಎಲ್ಲಿಂದ ತಂದ ಆ ರೂಪಾಯಿ? ಇದು ನನ್ನ ತಲಿಯಾಗ ಹಗಲೆಲ್ಲಾ ತಿರಗತಿತ್ತು. ಮನಿಯಾಗ ಎರಡು ಸಲ ಬಾಯಿಗೆ ಬಂತು, ಹೆಂಡತಿಗೆ ಕೇಳಬೇಕು ಅಂತ. ಕೇಳಿದ್ರ ಅಕಿ ಹೇಳತಿದ್ಲು. ನುಂಗಿಕೊಂಡೆ.

ಗೌರಿ ಹಬ್ಬಕ್ಕ ವ್ಯಾಪಾರ ಛೊಲೋ ಆತು. ಬಂದ ರೊಕ್ಕ ಎಲ್ಲಾ ನವರಾತ್ರಿ ಮಾಲಿಗೆ ಮುಂಗಡ ಅಂತ ಊರಿಗೆ ಕಳಿಸಿದೆ, ಪ್ರತಿ ವರ್ಷದಂಗ. ಆಮ್ಯಾಲ ಪಿತೃಪಕ್ಷ ಕುಂತಿತು.

ಪುಣೇದಾಗ ಅದಕ್ಕ ಪಿತೃ ಪಂಧರವಡಾ ಅಂತಾರ. ಆ ಹದಿನೈದು ದಿವಸ ಹಿರೇರಿಗೆ ಎಡಿ ಇಡೂದು, ಹೊಸಾ ಅರಿವಿ ಮುಟ್ಟೂದಿಲ್ಲ, ಖಣಾ ಅಂತೂ ಕಣ್ಣಿಲೆ ನೋಡೂದಿಲ್ಲ. ನನಗ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದಕ್ಕ ಪ್ರತಿ ವರ್ಷ ಅವಾಗ ಊರಿಗೆ ಹೋಗತಿದ್ದೆ. ಆದ್ರ ಎರಡನೂರಾ ನಲವತ್ತು ದಿವಸ ಎಣಿಸೂ ಮುಂದ ಎಲ್ಲಾ ದಿವಸ ಒಂದೇ ಅಂತ ಎಣಿಸಿದ್ದೆ. ನಮ್ಮ ಮನಿತನದಾಗ ಆ ಪಕ್ಷ ಮಾಡೂ ಪದ್ಧತಿ ಇಲ್ಲ, ನಮಗ ಅದು ಬರೇ ಊರಿಗೆ ಹೋಗೂ ಸೂಟಿ. ಈ ಸಲ ವಸೂಲಿ ಇದ್ದದ್ದಕ್ಕ ಊರಿಗೂ ಹೋಗಾಂಗಿಲ್ಲ. ಖಾಲಿ ಓಣಿಯಾಗ ಕಟ್ಟಿ ಮ್ಯಾಲ ಕುಂತೆ. ನಾಕೂವರಿಗೆ ಆರಾಣೆ ಅಂದ್ರೂ ಯಾರೂ ತಿರುಗಿ ನೋಡಲಿಲ್ಲ. "ಆತ್ತಾ ಖಣ? ನಕೋ ರೇ ಬಾಬಾ" ಅಂತ ಕೈ ಝಾಡಿಸಿ ಹೋದ್ರು, ಈಗ ಬ್ಯಾಡಪ್ಪಾ ಅಂತ. ಮೊದಲ ಏಳು ದಿವಸ ಹೆಂಡತಿ ಕೂಡಿಟ್ಟ ರೊಕ್ಕ, ಪಾನಪಟ್ಟಿಯಂವನ ಕಡೆ ಕೈಗಡ, ಹೂ ಮಾರಾಕಿ ಕಡೆ ಕೈಗಡ, ಹಿಂಗ ದೂಡಿದೆ. ಎಂಟನೇ ದಿವಸ, ಮಂಗಳವಾರ, ಕೈ ಖಾಲಿ.

ವಸೂಲಿಯಂವಾ ಬಂದ. ನಾ ಗಲ್ಲೆ ಉಲ್ಟಾ ಮಾಡಿ ತೋರಿಸಿದೆ. ಅಂವಾ ಕಾರ್ಡಿನ್ಯಾಗ ಒಂದು ಸೊನ್ನಿ ಬರದು ಹೋದ. ಬುಧವಾರ ಮತ್ತ ಬಂದ. ಅವತ್ತ ಕಟ್ಟಿ ಮ್ಯಾಲ ಕುಂತ.

"ನಿಮ್ಮ ಸಾಡೂನ ಕಾರ್ಡಿನ್ಯಾಗ ಈ ಹದಿನೈದು ದಿವಸ ಬಿಟ್ಟಿದ್ವಿ" ಅಂದ. "ಪಂಧರವಡ್ಯಾದಾಗ ವಸೂಲಿ ಇಲ್ಲ, ಕೊನಿಗೆ ಹದಿನೈದು ದಿವಸ ಹೆಚ್ಚಿಗಿ ಅಂತ ಮೊದಲ ಬರಸಿದ್ರು. ಸೇಠಜಿ ಒಪ್ಪಿದ್ರು. ಅವರಂಗ ಬರೀಲೇನು ಅಂತ ನಿಮ್ಮನ್ನ ಕೇಳಿದ್ನೋ ಇಲ್ಲೋ?"

ಕೇಳಿದ್ದ. ನನ್ನ ಕಾರ್ಡ ಎದುರಿಗೇ ಇತ್ತು. ಅದರ ಮ್ಯಾಲಿನ ಮೋಡಿ ಅಕ್ಷರ ನನಗ ಇರುವಿ ಸಾಲು ಕಂಡಂಗ ಕಂಡ್ವು.

ಮುದುಕ ಏಳೂ ಮುಂದ ಇನ್ನೊಂದು ಮಾತು ಅಂದ. "ಹೇಳಬಾರದು, ಆದ್ರೂ ಹೇಳ್ತೀನಿ. ಕಟ್ಟಿ ಖಾಲಿ ಆದ್ರ ತನಗ ಬೇಕು ಅಂತ ನಿಮ್ಮ ಸಾಡೂ ಸೇಠಜಿಗೆ ಕೇಳ್ಯಾರ. ನಾಳೆ ಸಂಜಿ ತನಕ ನಿಮ್ಮ ಕೈಯಾಗ ಅದ."

ನಾ ಮನಿಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ. ಹೇಳೂ ಮುಂದ ನನಗ ಒಂದು ನಮೂನಿ ಸಮಾಧಾನ ಇತ್ತು. ನೋಡು, ನಿನ್ನ ತಂಗಿ ಗಂಡ ಎಂಥಾವ ಅಂತ ಹೇಳಾಕ ಕೊನಿಗೂ ಒಂದು ಸಿಕ್ಕಿತ್ತಲ್ಲ. ಅಕಿ ಕೇಳಿ, "ಆತು. ಕಟ್ಟಿ ಬೇಕೋ, ಈ ಮಾತು ಬೇಕೋ ನಿಮಗ?" ಅಂದ್ಲು.

"ಅಂದ್ರ?"

"ನಾಳೆ ಗುರುವಾರ. ಪೆಢಿ ಕಮಿಟಿ ನಾಳೆನ ಕೂಡ್ತದ. ಇನ್ನ ಕೊಡೂದು ಉಳದದ್ದು ನೂರಾ ಮೂವತ್ತೈದು. ಜಾಮೀನ ಸಿಕ್ರ ನಾಳೆನ ಕೊಡ್ತಾರ, ಇಲ್ಲಾಂದ್ರ ಕಟ್ಟಿ ಹೋತು. ಸೆರಗು ಹೊತಗೊಂಡು ನಾನೂ ಬರ್ತೀನಿ, ಏಳ್ರಿ."

"ಅಂವನ ಕಡೆ? ಕಟ್ಟಿ ಮ್ಯಾಲ ಕಣ್ಣಿಟ್ಟಂವನ ಕಡೆ ಜಾಮೀನ ಕೇಳೂದು?"

"ಮತ್ತ ಯಾರ ಕಡೆ ಕೇಳ್ತೀರಿ? ಸೇಠಜಿ ಗಾದಿಗೆ ಕೇಳ್ತೀರೇನು?"

ನಡದ್ವಿ. ದೀಪಾ ಹಚ್ಚೂ ಹೊತ್ತು. ಷಡ್ಡಕನ ಮನಿ ಬಾಗಲದಾಗ ರೊಟ್ಟಿ ಬಡಿಯೂ ಸಪ್ಪಳ. ಒಳಗ ನಾದಿನಿ ಒಲಿ ಮುಂದ ಕುಂತಿದ್ಲು. ಬಾಜೂಕ್ಕ ಬುಟ್ಟಿಯಾಗ ರೊಟ್ಟಿ, ಎಷ್ಟಂತೀರಿ, ಐವತ್ತರ ಮ್ಯಾಲ ಇರಬೇಕು. ಗ್ವಾಡಿಗೆ ಹಿತ್ತಾಳಿ ಡಬ್ಬಿ ಸಾಲಾಗಿ ಇಟ್ಟಿದ್ರು. ಇದು ಒಂದು ಮನಿ ಊಟಾ ಅಲ್ಲ. ಕಾಲೇಜ ಹುಡುಗೂರ ಡಬ್ಬಿ. ಆ ರೂಪಾಯಿ ಎಲ್ಲಿಂದ ಬರತಿತ್ತು ಅಂತ ನನಗ ಬಾಗಲದಾಗ ನಿಂತ ತಿಳೀತು. ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡದ ಇದ್ದದ್ದ ಸಾಕಾತು.

ಷಡ್ಡಕ ಎದ್ದು ನಿಂತ. "ಬರ್ರಿ ಅಣ್ಣಾರ, ಕುಂಡ್ರಿ. ಎಷ್ಟ ದಿವಸಾತು ನಮ್ಮ ಮನಿಗೆ ಬಂದು."

"ಕುಂಡ್ರಾಕ ಬಂದಿಲ್ಲ" ಅಂದೆ. "ನೀ ಸೇಠಜಿ ಕಡೆ ನನ್ನ ಕಟ್ಟಿ ಕೇಳೀಯಂತ."

ನಾದಿನಿ ಕೈ ನಿಲ್ಲಿಸಿದ್ಲು. ಷಡ್ಡಕ ಮಾರಿ ಕೆಳಗ ಹಾಕಲಿಲ್ಲ.

"ಕೇಳೇನ್ರಿ. ಸುಳ್ಳ ಯಾಕ ಹೇಳ್ಲಿ? ಪುಣೇಕ್ಕ ಬಂದಾಗಿಂದ ಆ ಕಟ್ಟಿ ಮ್ಯಾಲ ನನ್ನ ಕಣ್ಣು. ನೀವು ಅಲ್ಲಿ ಕುಂತು ನಾಕೂವರಿಗೆ ಮಾಲು ಧೂಳ ಮಾಡೂದು ನೋಡಿದ್ರ ಹೊಟ್ಟಿಯಾಗ ಬೆಂಕಿ ಬೀಳ್ತದ. ನಿಮ್ಮ ಹನ್ನೆರಡಾಣೆಕ್ಕ ನಾನು ರೂಪಾಯಿ ಹೆಂಗ ಹೇಳ್ಲಿ? ಗೌರಿ ಹಬ್ಬಕ್ಕಿಂತ ಮೊದಲ ಒಬ್ಬಾಕಿ ನನ್ನ ಮಾರಿಗೆ ಹೊಡದಂಗ ಅಂದ್ಲು, ನಿನ್ನ ಸಾಡೂ ಹನ್ನೆರಡಾಣೆಗೆ ಕೊಡ್ತಾನ, ನೀ ಕಳ್ಳ ಅಂತ."

"ನಾ ಅದನ್ನ ಹೌಸಿಗೆ ಮಾಡಿದ್ನೇನು?"

"ದೀಡ ರೂಪಾಯಿ ಯಾರು ಬರಸು ಅಂದ್ರು ನಿಮಗ? ನನ್ನ ಮ್ಯಾಲ ಚಲಾ ಸಾಧಿಸಾಕ ಬರಸಿದ್ರಿ. ಓಣಿಗೆಲ್ಲಾ ಗೊತ್ತದ ಅಣ್ಣಾರ, ನಿಮಗೊಬ್ಬರಿಗ ಗೊತ್ತಿಲ್ಲ."

ನನಗ ಸಿಟ್ಟು ಬಂದು ಹೊರಳಿ ಹೋಗಬೇಕು ಅನಿಸಿತು. ಹೋಗಿದ್ರ ಕಟ್ಟಿ ಹೋಗತಿತ್ತು, ಇಂವನ ಕೈಗೆ ಹೋಗತಿತ್ತು. ಅದು ನೆನಪಾಗಿ ಹೊಸ್ತಲದಾಗ ನಿಂತೆ. ಆಗ ನನ್ನ ಹೆಂಡತಿ ತಂಗಿ ಬಾಜೂಕ್ಕ ಹೋಗಿ ಕುಂತ್ಲು. ಕೈ ತೊಳಕೊಂಡ್ಲು, ಪರಾತದಾಗಿನ ಹಿಟ್ಟು ಮುರದು ಉಂಡಿ ಮಾಡಿ ಬಡಿಯಾಕ ಶುರು ಮಾಡಿದ್ಲು. ಅಕ್ಕಾ ತಂಗಿ ಇಬ್ಬರ ಕೈ ಸಪ್ಪಳ ಕೂಡಿತು. ಹೋದ ವರ್ಷ ನಾ ಜೋರಿಲೆ ಬ್ಯಾಡ ಅಂದದ್ದನ್ನ ಅಕಿ ನನ್ನ ಎದುರಿಗೆ ಮಾಡಿದ್ಲು. ನಾ ಬ್ಯಾಡ ಅನ್ನಲಿಲ್ಲ.

"ಜಾಮೀನ ಬೇಕಾಗಿತ್ತು" ಅಂದೆ. "ಪೆಢಿಗೆ. ನೂರಾ ಮೂವತ್ತೈದಕ್ಕ."

ಷಡ್ಡಕ ತಂಬಾಕದ ಡಬ್ಬಿ ತಗದು ಮತ್ತ ಮುಚ್ಚಿದ. ಅಂವಗ ಕಟ್ಟಿ ನಿಜವಾಗಿ ಬೇಕಾಗಿತ್ತು, ಅದು ಮಾರಿ ಮ್ಯಾಲ ಕಾಣತಿತ್ತು. ಒಂದು ದಿವಸ ತಡದಿದ್ರ ಸಿಗತಿತ್ತು.

ನಾದಿನಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ, "ಆರು ತಿಂಗಳಾ ಉಂಡದ್ದು ಯಾರ ಮನಿಯಾಗ್ರಿ?" ಅಂದ್ಲು, ಯಾರ ಕಡೆನೂ ನೋಡದ.

"ಉಂಡದ್ದು ಅವರ ಕೈಯಾಗಿನ ರೊಟ್ಟಿ" ಅಂತ ನನ್ನ ಹೆಂಡತಿ ಕಡೆ ತೋರಿಸಿದ ಷಡ್ಡಕ. "ಅದಕ್ಕ ಹಾಕ್ತೀನಿ. ಆದ್ರ ಕೇಳ್ರಿ, ನೀವು ತಪ್ಪಿದ್ರ ನನ್ನ ಕಿಸೇದಿಂದ ಹೋಗ್ತದ. ತಿಂಗಳಾ ಐದು ರೂಪಾಯಿ, ಒಂದು ಪೈ ಮ್ಯಾಲ ಬರಸಬ್ಯಾಡ್ರಿ. ಅಕ್ಕಾರು ಇಲ್ಲಿ ಡಬ್ಬಿ ಕೆಲಸಾ ಮಾಡ್ಲಿ, ಆ ಐದು ಅದರಾಗ ಹೋಗ್ಲಿ. ನಿಮ್ಮ ಗಲ್ಲೆ ಮುಟ್ಟೂದು ಬ್ಯಾಡ. ಮತ್ತ ನಾಕೂವರಿ ಕಿಮ್ಮತ್ತು ಬಂದ್."

"ಆತು" ಅಂದೆ. ದೊಡ್ಡ ಮನಸು ಮಾಡಿ ಅಂದದ್ದಲ್ಲ. ಕಟ್ಟಿ ಅಂವಗ ಹೋಗಬಾರದು, ಅಷ್ಟಕ್ಕ ಅಂದೆ.

ಗುರುವಾರ ಮಧ್ಯಾಹ್ನ ಪೆಢಿಯಾಗ ಐದು ಮಂದಿ ಹಿರೇರು ಕುಂತಿದ್ರು. ಕಾರಕೂನ ಕಾಗದ ಓದಿ ಹೇಳಿದ. ಮೂವತ್ತು ತಿಂಗಳಾ, ತಿಂಗಳಾ ಐದು. ನಾ ಎರಡು ಸಲ ಓದಸಿದೆ. ಯಾವ ದಿವಸ ಬಿಡ್ತದ, ಯಾವ ದಿವಸ ಹಿಡೀತದ, ಎಲ್ಲಾ ಕೇಳಿದೆ. ಹಿರೇರು ಮಾರಿ ಮಾರಿ ನೋಡಿಕೊಂಡ್ರು, ನನಗ ನಾಚಿಕಿ ಆಗಲಿಲ್ಲ. ಹೆಬ್ಬಟ್ಟು ಒತ್ತಿದೆ. ಬಾಜೂಕ್ಕ ಷಡ್ಡಕ ಸಹಿ ಮಾಡಿ ಗೆರಿ ಎಳದ. ನನ್ನ ಸಾಲದ ಕಾಗದದ ಮ್ಯಾಲ ಛಂದ ಕಂಡದ್ದು ಅಂವನ ಸಹಿನ. ಅವತ್ತೂ ಹೊಟ್ಟಿ ಉರೀತು, ಸುಳ್ಳ ಹೇಳೂದಿಲ್ಲ.

ಐದಕ್ಕ ಮೊದಲ ಸೇಠಜಿಗೆ ನೂರಾ ಮೂವತ್ತೈದು ಎಣಿಸಿ ಕೊಟ್ಟೆ. ಸೇಠಜಿ ಷಡ್ಡಕನ್ನ ನೋಡಿ ಹುಬ್ಬು ಏರಿಸಿದ. ವಸೂಲಿಯಂ​ವಾ ನನ್ನ ಕಾರ್ಡ ನಡಕ ಹರದು ಕೈಗೆ ಕೊಟ್ಟ.

ಹೊರಗ ಬಂದು ಇಬ್ಬರೂ ಕಟ್ಟಿ ಮ್ಯಾಲ ಕುಂತ್ವಿ. ಪಂಧರವಡಾ ಇನ್ನೂ ಐದು ದಿವಸ ಇತ್ತು, ಓಣಿಯಾಗ ಒಂದು ಗಿರಾಕಿ ಇರಲಿಲ್ಲ. ಷಡ್ಡಕ ಕೈ ಚಾಚಿ ಕಲ್ಲು ಸವರಿದ. ಆಮ್ಯಾಲ ಮೊಳಾ ಹಾಕಿ ಅಳತಿ ಮಾಡಿದ, ನನಗ ಕಾಣಬಾರದು ಅನ್ನೂವಂಗ ಸಾವಕಾಶ.

"ಎಷ್ಟಾತು?" ಅಂದೆ.

ಅಂವಾ ಕೈ ಹಿಂದಕ್ಕ ತಗೊಂಡ. "ನನ್ನ ಖೋಲಿಕಿಂತ ಎರಡು ಮೊಳ ಉದ್ದ ಅದ ಬಿಡ್ರಿ. ಮುಂಜಾನೆ ಬಿಸಲು ಬರ್ತದೇನು?"

"ಬರ್ತದ. ಒಂಬತ್ತರ ತನಕ ನೇರ ಬೀಳ್ತದ."

"ಹಂಗಾರ ಹಸರು ಬಣ್ಣಾ ಭಾಳ ಛಂದ ಕಾಣತಾವ" ಅಂದ. ಅಂವನ ದನಿಯಾಗ ಏನೋ ಇತ್ತು. ನನಗ ಅದು ಛೊಲೋ ಪರಿಚಯ ಇದ್ದದ್ದು, ಮೂರು ವರ್ಷದಿಂದ ನನ್ನೊಳಗ ಕೇಳಿಕೋತ ಬಂದದ್ದು.

"ಹಸರೂ ಕಾಣತಾವ, ಕೆಂಪೂ ಕಾಣತಾವ" ಅಂದೆ. "ಸಂಜಿಗೆ ಗಾಳಿ ಬ್ಯಾರೆ."

ಅಂವಾ ಎದ್ದು ಧೋತರ ಝಾಡಿಸಿ ತನ್ನ ಖೋಲಿ ಕಡೆ ಹೋದ. ಎರಡು ಸಲ ಹೊರಳಿ ಕಟ್ಟಿ ನೋಡಿದ. ನಾ ಎಣಿಸಿದೆ, ಎರಡು ಸಲ. ಜಾಮೀನ ಕೊಟ್ಟಂವನ ಬಗ್ಗೆ ಹಿಂಗ ಖುಷಿ ಪಡಬಾರದು ಅಂತ ನನಗ ಗೊತ್ತಿತ್ತು. ಆದ್ರೂ ಕತ್ತಲಾಗೂ ತನಕ ಅಲ್ಲಿಂದ ಏಳಲಿಲ್ಲ, ಗಾದಿ ಮ್ಯಾಲ ಕಾಲು ಚಾಚಿ ಕುಂತೆ.